ಎರಡು ಸಲ ಪ್ಯಾಡ್ ಹಾಕಿಸಿದ್ರೂ ಮುಂದಿನ ಬ್ರೇಕ್ ಹಿಡ್ಕೊಂಡೇ ಇದೆ, ತಪ್ಪು ಎಲ್ಲಿದೆ?

ಪ್ರಶ್ನೆ: ನನ್ನದು 150 ಸಿಸಿ ಬೈಕ್, ತಗೊಂಡು ಐದು ವರ್ಷ ಆಯ್ತು. ಮುಂದೆ ಒಂದು ಡಿಸ್ಕ್, ಒಂದೇ ಕಡೆ ಎರಡು ಪಿಸ್ಟನ್ ಇರೋ ಕ್ಯಾಲಿಪರ್ (ಪ್ಯಾಡ್ ಹಿಡಿದು ಡಿಸ್ಕಿಗೆ ಒತ್ತೋ ಭಾಗ), ಎಬಿಎಸ್ (ಚಕ್ರ ಲಾಕ್ ಆಗದಂಗೆ ತಡೆಯೋ ವ್ಯವಸ್ಥೆ) ಇದೆ. ಕೆಲವು ತಿಂಗಳಿಂದ ಮುಂದಿನ ಚಕ್ರ ಬಿಗಿ, ಎತ್ತಿ ಕೈಯಲ್ಲಿ ತಿರುಗಿಸಿದ್ರೆ ಅರ್ಧ ಸುತ್ತಿಗೇ ನಿಂತುಬಿಡುತ್ತೆ, ಬೆಳಿಗ್ಗೆ ತಣ್ಣಗಿದ್ದಾಗಲೂ ಹಾಗೇ. ಸ್ವಲ್ಪ ದೂರ ಓಡಿಸಿದ್ರೆ ಡಿಸ್ಕ್ ಹತ್ರ ಕೈ ಇಡೋಕಾಗಲ್ಲ. ಒಂದು ವರ್ಷದಲ್ಲಿ ಎರಡು ಸಲ ಪ್ಯಾಡ್ ಬದಲಾಯಿಸಿದೀನಿ, ಎರಡು ಸಲವೂ ಪಿಸ್ಟನ್ ಕಡೆ ಪ್ಯಾಡ್ ತಗಡಿನವರೆಗೂ ಸವೆದಿತ್ತು, ಆಚೆ ಕಡೇದು ಇನ್ನೂ ಅರ್ಧ ಉಳಿದಿತ್ತು. ಒಬ್ಬರು ಡೀಸೆಲ್ ಬಿಟ್ಟು ತೊಳೆದು ಪಿಸ್ಟನ್‌ಗೆ ಗ್ರೀಸ್ ಹಚ್ಚಿ ಅಂತಾರೆ, ಇನ್ನೊಬ್ಬರು ಪೂರ್ತಿ ಕ್ಯಾಲಿಪರ್ ಬದಲಾಯಿಸಿ ಅಂತಾರೆ, ಮತ್ತೊಬ್ಬರು ಡಿಸ್ಕ್ ಬ್ರೇಕ್ ಅಂದ್ರೆ ಉಜ್ಜೋದು ಸಹಜ ಬಿಡಿ ಅಂತಾರೆ. ಬ್ರೇಕ್ ಆಯಿಲ್ ಇವತ್ತಿನವರೆಗೂ ಬದಲಾಯಿಸಿಲ್ಲ, ಲೆವೆಲ್ ಸರಿಯಾಗೇ ಇದೆ. ನಾನೇ ಬಿಚ್ಚಿ ಸರ್ವಿಸ್ ಮಾಡ್ಬಹುದಾ? ಓಡಿಸ್ತಾ ಇದ್ದಾಗ ಚಕ್ರ ಜಾಮ್ ಆಗಿ ಬಿದ್ದುಬಿಡ್ತೀನೇನೋ ಅನ್ನೋ ಭಯ ಇದೆ.

ಉತ್ತರ: ಮೊದಲು ಆ ಭಯದ ಮಾತು. ಹಿಡ್ಕೊಂಡಿರೋ ಬ್ರೇಕು ಇದ್ದಕ್ಕಿದ್ದಂಗೆ ಚಕ್ರ ಲಾಕ್ ಮಾಡಿ ಬೀಳಿಸೋದು ಅಪರೂಪ. ಅದಕ್ಕಿಂತ ಹೆಚ್ಚಾಗಿ ಆಗೋದು ಬೇರೆ. ಪ್ಯಾಡು ಡಿಸ್ಕಿಗೆ ಉಜ್ಜುತ್ತಾನೇ ಇದ್ರೆ ಬಿಸಿ ಏರ್ತಾ ಹೋಗಿ ಕ್ಯಾಲಿಪರ್ ಒಳಗಿರೋ ಬ್ರೇಕ್ ಆಯಿಲ್ ಕುದಿಯೋಕೆ ಶುರು ಆಗುತ್ತೆ, ಕುದಿದ್ರೆ ಆವಿಯ ಗುಳ್ಳೆ ಆಗುತ್ತೆ, ಆಯಿಲ್ ಒತ್ತಿದ್ರೆ ಕುಗ್ಗಲ್ಲ ಆದ್ರೆ ಆವಿ ಕುಗ್ಗುತ್ತೆ, ಆಗ ನೀವು ಲಿವರನ್ನ ಹ್ಯಾಂಡಲ್ ಮುಟ್ಟೋ ತನಕ ಎಳೆದ್ರೂ ಬ್ರೇಕ್ ಸಿಗಲ್ಲ. ಅಂದ್ರೆ ಹಿಡ್ಕೊಂಡ ಬ್ರೇಕಿನ ನಿಜವಾದ ಅಪಾಯ ಬ್ರೇಕೇ ಇಲ್ದಂಗೆ ಆಗೋದು. ಅದರಲ್ಲೂ ಐದು ವರ್ಷದ ಹಳೇ ಆಯಿಲ್ ಇದೆ ಅಂತ ಬರೆದಿದ್ದೀರಿ. ಹಾಗಾಗಿ ಇದು ಸರಿ ಆಗೋವರೆಗೂ ದೂರದ ಪ್ರಯಾಣ, ಉದ್ದ ಇಳಿಜಾರು, ಹಿಂದೆ ಭಾರ ಹೇರ್ಕೊಂಡು ಓಡಿಸೋದು ಬೇಡ.

"ಉಜ್ಜೋದು ಸಹಜ" ಅಂದವರ ಮಾತು ಪೂರ್ತಿ ಸುಳ್ಳೂ ಅಲ್ಲ. ಡಿಸ್ಕ್ ಬ್ರೇಕಲ್ಲಿ ಪ್ಯಾಡಿಗೂ ಡಿಸ್ಕಿಗೂ ನಡುವೆ ಕಣ್ಣಿಗೆ ಕಾಣೋವಷ್ಟು ಗ್ಯಾಪ್ ಇರಲ್ಲ, ಚಕ್ರ ತಿರುಗಿಸಿದ್ರೆ ಸರ್ ಸರ್ ಅಂತ ಸಣ್ಣ ಸದ್ದು ಬರೋದು ಮಾಮೂಲಿ. ಆದ್ರೆ ಕೈಯಲ್ಲಿ ಜೋರಾಗಿ ತಿರುಗಿಸಿದ್ರೆ ಚಕ್ರ ಎರಡು ಮೂರು ಸುತ್ತಾದ್ರೂ ತಾನಾಗಿ ಹೋಗ್ಬೇಕು. ಅರ್ಧ ಸುತ್ತಿಗೆ ನಿಂತ್ರೆ ಅದು ಸಹಜ ಅಲ್ಲ. ಇನ್ನೂ ಅನುಮಾನ ಇದ್ರೆ ಖಾಲಿ ರಸ್ತೇಲಿ ಮುಂದಿನ ಬ್ರೇಕ್ ಮುಟ್ಟದೆ ಹಿಂದಿನ ಬ್ರೇಕಲ್ಲೇ ನಿಧಾನಕ್ಕೆ ಸ್ವಲ್ಪ ದೂರ ಹೋಗಿ ಬಂದು ಮುಂದಿನ ಡಿಸ್ಕ್ ಮೇಲೆ ಎರಡು ಹನಿ ನೀರು ಬಿಡಿ. ಬಳಸದೇ ಇರೋ ಬ್ರೇಕಿನ ಡಿಸ್ಕ್ ಮೇಲೆ ನೀರು ಚುಯ್ ಅಂತ ಹಾರಿಹೋದ್ರೆ ಅಲ್ಲಿ ನೂರು ಡಿಗ್ರಿ ದಾಟಿದೆ ಅಂತ ಅರ್ಥ, ಆಮೇಲೆ ಚರ್ಚೆಗೆ ಏನೂ ಉಳಿದಿರಲ್ಲ. ಬೆರಳಿಟ್ಟು ಮಾತ್ರ ನೋಡ್ಬೇಡಿ.

ಇನ್ನು ಹಿಡ್ಕೊಳ್ಳೋದು ಯಾಕೆ. ಬ್ರೇಕ್ ಒತ್ತೋದು ಹೇಗೆ ಅಂತ ಎಲ್ಲರಿಗೂ ಗೊತ್ತು, ಲಿವರ್ ಎಳೆದ್ರೆ ಆಯಿಲ್ ಪಿಸ್ಟನ್ನ ತಳ್ಳುತ್ತೆ, ಪಿಸ್ಟನ್ ಪ್ಯಾಡನ್ನ ತಳ್ಳುತ್ತೆ. ಬಿಡೋದು ಹೇಗೆ ಅಂತ ಯೋಚನೆ ಮಾಡೋರು ಕಮ್ಮಿ. ಪಿಸ್ಟನ್ನ ವಾಪಸ್ ಎಳೆಯೋಕೆ ಒಳಗೆ ಯಾವ ಸ್ಪ್ರಿಂಗೂ ಇಲ್ಲ. ಪಿಸ್ಟನ್ ಸುತ್ತ ಒಂದು ಗ್ರೂವಲ್ಲಿ ಚೌಕ ಅಂಚಿನ ರಬ್ಬರ್ ಸೀಲ್ ಕೂತಿರುತ್ತೆ, ಪಿಸ್ಟನ್ ಮುಂದೆ ಹೋದಾಗ ಆ ಸೀಲಿನ ಒಳ ಅಂಚು ಪಿಸ್ಟನ್ನಿಗೆ ಅಂಟ್ಕೊಂಡೇ ಸ್ವಲ್ಪ ಮುಂದಕ್ಕೆ ತಿರುಚಿಕೊಳ್ಳುತ್ತೆ, ಲಿವರ್ ಬಿಟ್ಟ ತಕ್ಷಣ ಆ ರಬ್ಬರ್ ತನ್ನ ಮೊದಲಿನ ಆಕಾರಕ್ಕೆ ಬರೋವಾಗ ಪಿಸ್ಟನ್ನೂ ಜೊತೆಗೆ ಹಿಂದಕ್ಕೆ ಎಳ್ಕೊಂಡು ಬರುತ್ತೆ. ಎಷ್ಟು ಹಿಂದಕ್ಕೆ? ಒಂದು ಮಿಲಿಮೀಟರಿನ ಸಣ್ಣ ಭಾಗದಷ್ಟು, ಅಷ್ಟೇ. ನಿಮ್ಮ ಬ್ರೇಕ್ ಬಿಡೋದು ಆ ರಬ್ಬರಿನ ತಿರುಚಿನ ಬಲದ ಮೇಲೆ, ಹಾಗಾಗಿ ಪಿಸ್ಟನ್ ಮೇಲೆ ಒಂದು ಪದರ ಕೊಳೆ ಕೂತ್ರೂ ಸಾಕು, ರಬ್ಬರಿಗೆ ಎಳೆಯೋಕೆ ಆಗಲ್ಲ.

ಇದು ಅರ್ಧ ಕಥೆ. ನಿಮ್ಮದು ಫ್ಲೋಟಿಂಗ್ ಕ್ಯಾಲಿಪರ್, ಪಿಸ್ಟನ್ ಒಂದೇ ಕಡೆ ಇದೆ. ಪಿಸ್ಟನ್ ತನ್ನ ಕಡೆ ಪ್ಯಾಡನ್ನ ಡಿಸ್ಕಿಗೆ ಒತ್ತಿದ ಮೇಲೆ ಇಡೀ ಕ್ಯಾಲಿಪರ್ ಬಾಡಿ ಎರಡು ಸ್ಲೈಡ್ ಪಿನ್ ಮೇಲೆ ಹಿಂದಕ್ಕೆ ಜಾರಿ ಆಚೆ ಕಡೆ ಪ್ಯಾಡನ್ನ ಎಳ್ಕೊಂಡು ಬಂದು ಒತ್ತುತ್ತೆ. ಪಿನ್ ಜಾರದೇ ಇದ್ರೆ ಪಿಸ್ಟನ್ ಕಡೆ ಪ್ಯಾಡು ಒಂದೇ ಎಲ್ಲಾ ಕೆಲಸ ಮಾಡುತ್ತೆ, ಲಿವರ್ ಬಿಟ್ಟ ಮೇಲೂ ಬಾಡಿ ವಾಪಸ್ ಬರಲ್ಲ.

ಈಗ ನಿಮ್ಮ ಹಳೇ ಪ್ಯಾಡುಗಳ ಕಡೆ ಬನ್ನಿ, ಪಿಸ್ಟನ್ ಕಡೇದು ತಗಡಿನವರೆಗೆ, ಆಚೇದು ಅರ್ಧ. ಎರಡು ಸಲವೂ ಅದೇ ಥರ. ಪಿಸ್ಟನ್ ಮಾತ್ರ ಹಿಡ್ಕೊಂಡು ಪಿನ್ ಚೆನ್ನಾಗಿ ಜಾರ್ತಿದ್ರೆ ಎರಡೂ ಪ್ಯಾಡು ಹೆಚ್ಚು ಕಮ್ಮಿ ಜೊತೆಗೇ ಸವೀತವೆ. ಒಂದೇ ಕಡೆ ಇಷ್ಟೊಂದು ಸವೆದಿದೆ ಅಂದ್ರೆ ಮೊದಲ ಅನುಮಾನ ಸ್ಲೈಡ್ ಪಿನ್ ಮೇಲೆ. ಒಂದೇ ಪ್ಯಾಡು ಒಂದು ತುದೀಲಿ ದಪ್ಪ ಇನ್ನೊಂದು ತುದೀಲಿ ತೆಳು, ಹಾಗೆ ಓರೆಯಾಗಿ ಸವೆದಿದ್ರೆ ಎರಡು ಪಿನ್ನಲ್ಲಿ ಒಂದು, ಇಲ್ಲಾ ಎರಡು ಪಿಸ್ಟನ್ನಲ್ಲಿ ಒಂದು ಕೆಲಸ ನಿಲ್ಲಿಸಿದೆ ಅಂತ. ಹಳೇ ಪ್ಯಾಡು ಇನ್ನೂ ಇದ್ರೆ ಎಸೀಬೇಡಿ, ತೆಗೆದು ಪಕ್ಕದಿಂದ ನೋಡಿ, ಅದಕ್ಕಿಂತ ಒಳ್ಳೆ ಸಾಕ್ಷಿ ನಿಮಗೆ ಸಿಗಲ್ಲ.

ಆದ್ರೆ ನಿಮ್ಮ ಕೇಸಲ್ಲಿ ಪಿನ್ ಒಂದೇ ಅಂತ ನನಗೆ ಅನ್ನಿಸ್ತಿಲ್ಲ, ಪಿಸ್ಟನ್ನೂ ಸೇರ್ಕೊಂಡಿರುತ್ತೆ, ಅದಕ್ಕೆ ಕಾರಣ ಆ ಎರಡು ಪ್ಯಾಡ್ ಬದಲಾವಣೆಗಳೇ. ಪ್ಯಾಡ್ ಸವೆದಂಗೆಲ್ಲಾ ಪಿಸ್ಟನ್ ಹೊರಗೆ ಬರ್ತಾ ಹೋಗುತ್ತೆ, ಹೊರಗೆ ಬಂದ ಭಾಗದ ಮೇಲೆ ಪ್ಯಾಡಿನ ಕರಿ ಧೂಳು, ಕೆಸರು, ನೀರು ಎಲ್ಲಾ ಸೇರಿ ಗಟ್ಟಿ ಹೊರಪದರ ಕಟ್ಟುತ್ತೆ. ಹೊಸ ಪ್ಯಾಡು ದಪ್ಪ ಇರೋದ್ರಿಂದ ಜಾಗ ಮಾಡೋಕೆ ಪಿಸ್ಟನ್ನ ಒಳಗೆ ತಳ್ಳಬೇಕು. ಅವಸರದಲ್ಲಿ ಮಾಡೋರು ಸ್ಕ್ರೂ ಡ್ರೈವರ್ ಇಟ್ಟು ಮೀಟಿ ಆ ಕೊಳೆ ಸಮೇತ ಒಳಗೆ ತಳ್ಳಿಬಿಡ್ತಾರೆ, ಕೊಳೆ ನೇರವಾಗಿ ಸೀಲಿನ ಬಾಯಿಗೆ ಹೋಗಿ ಕೂರುತ್ತೆ. ಹೊಸ ಪ್ಯಾಡ್ ಹಾಕಿದ ದಿನವೇ ಬ್ರೇಕ್ ಮೊದಲಿಗಿಂತ ಬಿಗಿ ಆಯ್ತು ಅಂತ ನಮ್ಮ ಹತ್ರ ಬರೋರಲ್ಲಿ ಬಹಳ ಜನರ ಕಥೆ ಇದೇ. ಪ್ಯಾಡ್ ಬದಲಾಯಿಸೋ ಮುಂಚೆ ಪಿಸ್ಟನ್ನ ಇನ್ನೊಂದು ಸ್ವಲ್ಪ ಹೊರಗೆ ತಂದು, ಸುತ್ತಲೂ ಬ್ರೇಕ್ ಕ್ಲೀನರ್ ಮತ್ತೆ ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ತಿಕ್ಕಿ, ಹೊಳೆಯೋವಂಗೆ ಮಾಡಿ ಆಮೇಲೆ ಕೈಯಲ್ಲಿ ಒತ್ತಿ ಒಳಗೆ ಕಳಿಸಬೇಕು. ಕ್ಯಾಲಿಪರ್ ನೋಡ್ಕೊಳ್ಳೋದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು, ಹೆಚ್ಚಿನವರು ಬಿಡೋದೂ ಇದನ್ನೇ.

ಕ್ಯಾಲಿಪರ್ ಬಿಚ್ಚೋ ಮುಂಚೆ ಒಂದು ಪರೀಕ್ಷೆ ಮಾಡ್ಲೇಬೇಕು, ಯಾಕಂದ್ರೆ ತಪ್ಪು ಕ್ಯಾಲಿಪರಲ್ಲಿ ಇಲ್ದೆ ಮೇಲೆ ಲಿವರ್ ಪಕ್ಕ ಆಯಿಲ್ ಒತ್ತೋ ಮಾಸ್ಟರ್ ಸಿಲಿಂಡರಲ್ಲೂ ಇರಬಹುದು. ಚಕ್ರ ಬಿಗಿಯಾಗಿ ಹಿಡ್ಕೊಂಡಿರೋವಾಗಲೇ ಕ್ಯಾಲಿಪರಿನಲ್ಲಿ ಆಯಿಲ್, ಗಾಳಿ ಹೊರಗೆ ಬಿಡೋಕೆ ಇರೋ ಬ್ಲೀಡ್ ನಿಪ್ಪಲ್‌ಗೆ ಒಂದು ಸಣ್ಣ ಪೈಪ್ ಹಾಕಿ ಡಬ್ಬಿಯೊಳಗೆ ಬಿಟ್ಟು, ನಿಪ್ಪಲ್ ಸ್ವಲ್ಪ ಸಡಿಲ ಮಾಡಿ. ಆಯಿಲ್ ಪುಳಕ್ ಅಂತ ಚಿಮ್ಮಿ ಚಕ್ರ ತಕ್ಷಣ ಸಡಿಲ ಆದ್ರೆ ಒತ್ತಡ ಒಳಗೆ ಸಿಕ್ಕಿಹಾಕ್ಕೊಂಡಿತ್ತು ಅಂತ, ಆಗ ನೋಡಬೇಕಾದ್ದು ಮಾಸ್ಟರ್ ಸಿಲಿಂಡರಲ್ಲಿ ಆಯಿಲ್ ವಾಪಸ್ ಬರೋ ಸೂಜಿ ಮೊನೆಯಷ್ಟು ಸಣ್ಣ ತೂತು ಕಟ್ಟಿದೆಯಾ, ಲಿವರಿಗೆ ಸ್ವಲ್ಪ ಫ್ರೀ ಪ್ಲೇ (ಬ್ರೇಕ್ ಹಿಡಿಯೋ ಮುಂಚಿನ ಸಡಿಲ ಆಟ) ಇದೆಯಾ, ಮೇಲಿನ ಡಬ್ಬಿಗೆ ಆಯಿಲ್ ತುಂಬಿ ತುಳುಕೋವಂಗೆ ಹಾಕಿದಾರಾ, ಆಯಿಲ್ ಹೋಗೋ ಹೋಸ್ ಒಳಗೆ ಊದಿಕೊಂಡಿದೆಯಾ ಇವೆಲ್ಲಾ. ನಿಪ್ಪಲ್ ತೆಗೆದ್ರೂ ಚಕ್ರ ಬಿಗಿಯಾಗೇ ಇದ್ರೆ ತಪ್ಪು ಕ್ಯಾಲಿಪರಿನದೇ, ಪಿಸ್ಟನ್ ಇಲ್ಲಾ ಪಿನ್. ಬೆಳಿಗ್ಗೆ ಸರಿ ಇದ್ದು ಬಿಸಿ ಆದ ಮೇಲೆ ಮಾತ್ರ ಹಿಡ್ಕೊಳ್ಳೋ ಬೈಕುಗಳಲ್ಲಿ ಮಾಸ್ಟರ್ ಸಿಲಿಂಡರ್ ತೂತು ಕಟ್ಟಿರೋದು ಜಾಸ್ತಿ. ನಿಮ್ಮದು ತಣ್ಣಗಿದ್ದಾಗಲೂ ಬಿಗಿ ಅಂದಿದ್ದೀರಿ, ಅದಕ್ಕೇ ನಾನು ಕ್ಯಾಲಿಪರ್ ಕಡೆ ವಾಲ್ತಿರೋದು. ಆದ್ರೂ ಪರೀಕ್ಷೆ ಮಾಡಿ, ಐದು ನಿಮಿಷದ ಕೆಲಸ. ಆಮೇಲೆ ನಿಪ್ಪಲ್ ಮುಚ್ಚಿ, ಮೇಲೆ ಆಯಿಲ್ ನೋಡ್ಕೊಂಡು, ಲಿವರ್ ಗಟ್ಟಿ ಇದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ, ಮೆತ್ತಗಾಗಿದ್ರೆ ಗಾಳಿ ಹೋಗಿದೆ, ಬ್ಲೀಡ್ ಮಾಡ್ದೆ, ಅಂದ್ರೆ ಆ ಗಾಳಿ ಹೊರಗೆ ತೆಗೀದೆ, ಓಡಿಸೋ ಹಾಗಿಲ್ಲ.

ಡೀಸೆಲ್ ಸಲಹೆ ಕೊಟ್ಟವರು ಒಳ್ಳೇದಕ್ಕೇ ಹೇಳಿರ್ತಾರೆ, ಆದ್ರೆ ದಯವಿಟ್ಟು ಮಾಡ್ಬೇಡಿ. ಬ್ರೇಕ್ ಸೀಲುಗಳು ಸಾಮಾನ್ಯವಾಗಿ ಇಪಿಡಿಎಂ ಅನ್ನೋ ರಬ್ಬರಿಂದ ಆಗಿರ್ತವೆ. ಡಾಟ್ 3, ಡಾಟ್ 4 ಥರದ ಬ್ರೇಕ್ ಆಯಿಲನ್ನ ಅದು ವರ್ಷಗಟ್ಟಲೆ ತಡ್ಕೊಳ್ಳುತ್ತೆ, ಆದ್ರೆ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಇಂಜಿನ್ ಆಯಿಲ್, ಮಾಮೂಲಿ ಗ್ರೀಸು, ತುಕ್ಕು ಬಿಡಿಸೋ ಸ್ಪ್ರೇ, ಇವು ಸೋಕಿದ್ರೆ ಊದಿಕೊಂಡು ಮೆತ್ತಗಾಗುತ್ತೆ. ಊದಿದ ಸೀಲು ಪಿಸ್ಟನ್ನ ಇನ್ನೂ ಬಿಗಿಯಾಗಿ ಹಿಡ್ಕೊಳ್ಳುತ್ತೆ. ಸ್ಪ್ರೇ ಹೊಡೆದ ಮೊದಲ ಎರಡು ದಿನ ಚಕ್ರ ಸಲೀಸಾಗಿ ತಿರುಗಿ ಖುಷಿ ಆಗುತ್ತೆ, ಆಮೇಲೆ ಶುರು ಆಗುತ್ತೆ ತೊಂದರೆ, ಪ್ಯಾಡಿಗೆ ಎಣ್ಣೆ ತಾಗಿದ್ರಂತೂ ಬ್ರೇಕ್ ಹಿಡಿಯೋದೇ ಇಲ್ಲ, ಆ ಪ್ಯಾಡು ಎಸೆಯೋಕೆ ಮಾತ್ರ ಲಾಯಕ್ಕು. ಪಿಸ್ಟನ್ನಿಗೆ ಎಮರಿ ಪೇಪರ್ ಹಾಕಿ ಉಜ್ಜೋದೂ ಅಷ್ಟೇ ತಪ್ಪು, ಮೇಲಿರೋ ಕ್ರೋಮ್ ಇಲ್ಲಾ ಅನೋಡೈಸ್ ಪದರ ಹೋದ್ರೆ ಮುಂದಿನ ಮಳೆಗಾಲಕ್ಕೆ ತುಕ್ಕು, ಸವೆತ ಗ್ಯಾರಂಟಿ.

"ಲೆವೆಲ್ ಸರಿ ಇದೆ" ಅನ್ನೋದನ್ನ ಆಯಿಲ್ ಚೆನ್ನಾಗಿದೆ ಅಂತ ತಿಳ್ಕೊಳ್ಳಬೇಡಿ. ಡಾಟ್ 4 ಗಾಳಿಯಲ್ಲಿರೋ ತೇವಾಂಶ ಹೀರ್ಕೊಳ್ಳುತ್ತೆ, ಹೋಸ್ ಮೂಲಕ, ಸೀಲ್ ಮೂಲಕ ನಿಧಾನಕ್ಕೆ ಹೀರ್ತಾನೇ ಇರುತ್ತೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದೀಬಾರದು ಅಂತ ಸ್ಟ್ಯಾಂಡರ್ಡ್ ಇದೆ, ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಆ ಕನಿಷ್ಠ 155ಕ್ಕೆ ಇಳಿಯುತ್ತೆ. ನಿಮ್ಮ ಹಿಡ್ಕೊಂಡಿರೋ ಬ್ರೇಕಿಗೆ ಆ ಬಿಸಿ ಮುಟ್ಟೋದು ಕಷ್ಟವೇನಲ್ಲ. ಜೊತೆಗೆ ಆ ನೀರು ಒಳಗಿಂದಲೇ ಪಿಸ್ಟನ್ನನ್ನ, ಸೀಲ್ ಗ್ರೂವನ್ನ ತಿನ್ನುತ್ತೆ. ಹೆಚ್ಚಿನ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಹೇಳೋದು ಇದಕ್ಕೇ. ಬೈಕಿನ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳದ ಮೇಲೆ ಯಾವ ಡಾಟ್ ಅಂತ ಬರೆದಿರುತ್ತೋ ಅದನ್ನೇ ಹಾಕಿ, ಸೀಲ್ ಒಡೆಯದ ಹೊಸ ಬಾಟಲಿಯಿಂದ. ಡಾಟ್ 5 ಅನ್ನೋದು ಸಿಲಿಕೋನ್, ಅದನ್ನ ಡಾಟ್ 4 ಜೊತೆ ಸೇರಿಸಲೇಬಾರದು. ಡಾಟ್ 5.1 ಬೇರೆ, ಅದು ಡಾಟ್ 4ರ ಜಾತಿಯದೇ.

ಈಗ ಏನೇನು ಮಾಡಬಹುದು ಅಂತ ನೋಡೋಣ. ಚಿಕ್ಕದರಿಂದ ಶುರು ಮಾಡಿದ್ರೆ, ಹೋಸ್ ಬಿಚ್ಚದೆ ಕ್ಯಾಲಿಪರ್ ಮಾತ್ರ ಫೋರ್ಕಿಂದ ಇಳಿಸಿ, ಪ್ಯಾಡ್ ತೆಗೆದು, ಪಿನ್ ಮತ್ತೆ ಪಿಸ್ಟನ್ ಕ್ಲೀನ್ ಮಾಡೋದು. ಸ್ಪ್ಯಾನರ್ ಹಿಡಿದು ಅಭ್ಯಾಸ ಇದ್ದು, ಸರ್ವಿಸ್ ಮ್ಯಾನುಯಲ್ ಮತ್ತೆ ಟಾರ್ಕ್ ರೆಂಚ್ (ಬೋಲ್ಟನ್ನ ಅಳತೆ ಪ್ರಕಾರ ಬಿಗಿ ಮಾಡೋ ಸ್ಪ್ಯಾನರ್) ಕೈಲಿದ್ರೆ ಇದನ್ನ ನೀವೇ ಮಾಡಬಹುದು. ಬ್ರ್ಯಾಕೆಟ್ಟಿಂದ ಬಾಡಿ ಎಳೆದಾಗ ಪಿನ್ ಹೊರಗೆ ಬರುತ್ತೆ. ಚೆನ್ನಾಗಿರೋ ಪಿನ್ ಕನ್ನಡಿ ಥರ ಹೊಳೀತಿರುತ್ತೆ, ಮೇಲೆ ತೆಳ್ಳಗೆ ಗ್ರೀಸ್ ಇರುತ್ತೆ. ನಿಮ್ಮದರಲ್ಲಿ ಬಹುಶಃ ಒಣಗಿ ಕಂದು ಬಣ್ಣದ ಮೇಣದಂಗೆ ಆಗಿರೋ ಹಳೇ ಗ್ರೀಸು, ರಬ್ಬರ್ ಬೂಟ್ ಹರಿದ ಜಾಗದಲ್ಲಿ ಒಂದು ಉಂಗುರದಷ್ಟು ತುಕ್ಕು ಕಾಣುತ್ತೆ. ಕೊಳೆ ಒರೆಸಿದ್ರೆ ಹೋಗುತ್ತೆ, ಆದ್ರೆ ತುಕ್ಕು ತಿಂದು ಗುಳಿ ಬಿದ್ದಿದ್ರೆ ಪಿನ್ನೂ ಬೂಟೂ ಹೊಸದೇ ಹಾಕಿ, ಅವು ಸಣ್ಣ ಪಾರ್ಟುಗಳು. ಗ್ರೀಸ್ ಯಾವುದು ಅನ್ನೋದು ಮುಖ್ಯ, ಬ್ರೇಕಿಗೇ ಅಂತ ಬರೋ ಸಿಲಿಕೋನ್ ಗ್ರೀಸ್ ಇಲ್ಲಾ ಮ್ಯಾನುಯಲ್‌ನಲ್ಲಿ ಹೇಳಿರೋದು, ಅದೂ ತೆಳ್ಳಗೆ. ತೂತು ತುಂಬಾ ತುಂಬಿದ್ರೆ ಒಳಗೆ ಗಾಳಿ ಸಿಕ್ಕಿಹಾಕ್ಕೊಂಡು ಪಿನ್ ಒತ್ತಿದಾಗ ವಾಪಸ್ ತಳ್ಳುತ್ತೆ, ಮತ್ತೆ ಅದೇ ಸಮಸ್ಯೆ. ಎರಡು ಪಿನ್ ಬೇರೆ ಬೇರೆ ಇರ್ತವೆ ಸಾಮಾನ್ಯವಾಗಿ, ಅದಲು ಬದಲು ಮಾಡ್ಬೇಡಿ. ಕ್ಯಾಲಿಪರನ್ನ ಹೋಸ್ ಮೇಲೆ ಜೋತಾಡಿಸಬೇಡಿ, ಒಂದು ತಂತಿ ಕಟ್ಟಿ ತೂಗುಹಾಕಿ.

ಇದೇ ಹೊತ್ತಲ್ಲಿ ಪಿಸ್ಟನ್ ಪರೀಕ್ಷೆ. ಲಿವರನ್ನ ಮೆಲ್ಲಗೆ ಒತ್ತಿ ಎರಡೂ ಪಿಸ್ಟನ್ ಕೆಲವೇ ಮಿಲಿಮೀಟರ್ ಹೊರಗೆ ಬರೋವಂಗೆ ಮಾಡಿ, ಜಾಸ್ತಿ ಒತ್ತಿದ್ರೆ ಪೂರ್ತಿ ಕಳಚಿಕೊಂಡು ಬರುತ್ತೆ. ಸುತ್ತ ಕ್ಲೀನ್ ಮಾಡಿ ಹೆಬ್ಬೆರಳಲ್ಲಿ ಒಂದೊಂದಾಗಿ ಒಳಗೆ ತಳ್ಳಿ ನೋಡಿ, ಒಂದನ್ನ ತಳ್ಳೋವಾಗ ಇನ್ನೊಂದು ಹೊರಗೆ ಬರದಂಗೆ ಮರದ ಪಟ್ಟಿ ಅಡ್ಡ ಇಡಿ. ಗಟ್ಟಿಯಾಗಿ ಒತ್ತಿದ್ರೆ ಸಮನಾಗಿ ಒಳಗೆ ಹೋದ್ರೆ ಸರಿ. ಒಂದು ಹೋಗಿ ಇನ್ನೊಂದು ಅಲ್ಲಾಡದೇ ಇದ್ರೆ ಕ್ಲೀನಿಂಗ್ ಮಾತ್ರ ಸಾಲಲ್ಲ, ಸೀಲ್ ಕಿಟ್ ಹಾಕಲೇಬೇಕು. ನಿಮ್ಮ ಐದು ವರ್ಷಕ್ಕೆ ನನ್ನ ಸಲಹೆಯೂ ಅದೇ, ಕೆಲವು ಕಂಪನಿಗಳ ಮ್ಯಾನುಯಲ್‌ನಲ್ಲಿ ಈ ಸೀಲುಗಳಿಗೆ ಎರಡೇ ವರ್ಷದ ಗಡುವು ಇದೆ.

ಸೀಲ್ ಕಿಟ್ ಅಂದ್ರೆ ಪಿಸ್ಟನ್ ಪೂರ್ತಿ ಹೊರಗೆ ತೆಗೀಬೇಕು. ಹೋಸ್ ಬಿಚ್ಚೋ ಮುಂಚೆಯೇ ಲಿವರಿಂದ ಹೊರಗೆ ತಳ್ಳೋದು ಒಳ್ಳೆ ದಾರಿ. ಕಂಪ್ರೆಸರ್ ಗಾಳಿ ಬಿಟ್ಟು ಹಾರಿಸೋದನ್ನ ನೀವು ನೋಡಿರಬಹುದು, ಬೆರಳು ಅಡ್ಡ ಇದ್ರೆ ಮೂಳೆ ಮುರಿಯೋ ರಭಸ ಅದಕ್ಕಿದೆ, ಮನೇಲಿ ಬೇಡವೇ ಬೇಡ. ಪ್ಲಯರಲ್ಲಿ ಪಿಸ್ಟನ್ ಹೊರ ಮೈ ಹಿಡಿದು ತಿರುಚೋದೂ ಬೇಡ, ಆ ಹಲ್ಲಿನ ಗುರುತೇ ಆಮೇಲೆ ಲೀಕ್ ಆಗುತ್ತೆ. ಹೊರಗೆ ಬಂದ ಪಿಸ್ಟನ್ ಒರೆಸಿ ಬೆಳಕಿಗೆ ಹಿಡಿದು ತಿರುಗಿಸಿ, ಮೈ ಮೇಲೆ ಉಗುರು ಆಡಿಸಿ. ಉಗುರು ಎಲ್ಲಾದ್ರೂ ಸಿಕ್ಕಿಕೊಂಡ್ರೆ, ಅದು ಸೀಲ್ ಓಡಾಡೋ ಜಾಗ ಆಗಿದ್ರೆ, ಪಿಸ್ಟನ್ ಬದಲಾಯಿಸಿ. ಸೀಲ್ ತೆಗೆದ ಮೇಲೆ ಗ್ರೂವ್ ಒಳಗೆ ನೋಡಿ, ಅಲ್ಯೂಮಿನಿಯಂ ತಿಂದ ಬಿಳಿ ಪುಡಿ ಗಟ್ಟಿಯಾಗಿ ಕೂತಿರುತ್ತೆ. ಆ ಪುಡಿ ಸೀಲನ್ನ ಹಿಂದಿಂದ ಪಿಸ್ಟನ್ ಮೇಲೆ ಒತ್ತುತ್ತೆ, ಇದನ್ನ ತೆಗೀದೆ ಹೊಸ ಸೀಲ್ ಹಾಕಿದ್ರೆ ದುಡ್ಡು ದಂಡ. ಮರದ ಇಲ್ಲಾ ಪ್ಲಾಸ್ಟಿಕ್ ಕಡ್ಡೀಲಿ ತಾಳ್ಮೆಯಿಂದ ಕೆರೆದು ತೆಗೀರಿ, ಗ್ರೂವ್ ಗೀರಬಾರದು. ಒಳಗಿನ ಗ್ರೂವಿಗೆ ದಪ್ಪ ಸೀಲು, ಹೊರಗಿನದಕ್ಕೆ ತೆಳ್ಳನೆ ಧೂಳಿನ ಸೀಲು, ಎರಡಕ್ಕೂ ಹೊಸ ಬ್ರೇಕ್ ಆಯಿಲ್ ಇಲ್ಲಾ ಕಿಟ್ ಜೊತೆ ಬಂದಿರೋ ಗ್ರೀಸ್ ಸವರಿ. ಪಿಸ್ಟನ್ ನೇರವಾಗಿ ಹಿಡಿದು ಕೈಯಲ್ಲೇ ಒತ್ತಿದ್ರೆ ಒಳಗೆ ಹೋಗಬೇಕು, ಸುತ್ತಿಗೆ ಬೇಕು ಅನ್ನಿಸಿದ್ರೆ ಏನೋ ಓರೆ ಆಗಿದೆ. ಹೋಸ್ ತುದಿಯ ಬೋಲ್ಟಿಗೆ ತಾಮ್ರದ ಇಲ್ಲಾ ಅಲ್ಯೂಮಿನಿಯಂ ವಾಷರ್ ಇರುತ್ತೆ ಎರಡು, ಅವನ್ನ ಹೊಸದೇ ಹಾಕಿ.

ಪೂರ್ತಿ ಕ್ಯಾಲಿಪರ್ ಬದಲಾಯಿಸೋದು ಕೊನೇ ದಾರಿ. ಪಿಸ್ಟನ್ ಕೂರೋ ಬೋರಿನಲ್ಲಿ ಆಳವಾದ ಗೀರು, ಬಾಡಿ ಬಿರುಕು, ಬೋಲ್ಟಿನ ತ್ರೆಡ್ ಹೋಗಿರೋದು, ತುಂಡಾದ ನಿಪ್ಪಲ್ ಹೊರಗೆ ಬರದೇ ಇರೋದು, ಇಂಥದ್ದಕ್ಕೆ ಮಾತ್ರ. ಬರೀ ಹಿಡ್ಕೊಂಡಿದೆ ಅನ್ನೋ ಕಾರಣಕ್ಕೆ ಬದಲಾಯಿಸೋ ಅಗತ್ಯ ಇರಲ್ಲ.

ನಿಮ್ಮದರಲ್ಲಿ ಎಬಿಎಸ್ ಇರೋದ್ರಿಂದ ಎರಡು ಮಾತು. ಪಿಸ್ಟನ್ ಒಳಗೆ ತಳ್ಳೋವಾಗ ಬ್ಲೀಡ್ ನಿಪ್ಪಲ್ ತೆಗೆದು ಕೊಳಕು ಆಯಿಲ್ ಹೊರಗೆ ಹೋಗೋ ಹಾಗೆ ಮಾಡಿದ್ರೆ ಆ ಕೊಳೆ ಎಬಿಎಸ್ ಮಾಡ್ಯೂಲ್ ಕಡೆ ವಾಪಸ್ ಹೋಗಲ್ಲ. ಹೋಸ್ ಬಿಚ್ಚಿದ್ರೆ ಗಾಳಿ ಸೇರುತ್ತೆ, ಕೆಲವು ಬೈಕಲ್ಲಿ ಮಾಮೂಲಿ ಬ್ಲೀಡಿಂಗ್ ಸಾಕು, ಕೆಲವಕ್ಕೆ ಸ್ಕ್ಯಾನರ್ ಹಾಕಿ ಮಾಡ್ಯೂಲ್ ಓಡಿಸಬೇಕಾಗುತ್ತೆ, ನಿಮ್ಮದು ಯಾವುದು ಅಂತ ಮ್ಯಾನುಯಲ್ ನೋಡ್ಕೊಂಡೇ ಮುಂದುವರೀರಿ. ಹಾಗಾಗಿ ಪಿನ್ ಮತ್ತೆ ಪಿಸ್ಟನ್ ಕ್ಲೀನಿಂಗ್ ನೀವು ಮಾಡಿ, ಸೀಲ್ ಕಿಟ್ ಮತ್ತೆ ಬ್ಲೀಡಿಂಗ್ ಮೊದಲ ಸಲ ಅನುಭವ ಇರೋರ ಕೈಲಿ ಮಾಡಿಸಿ, ನಿಂತು ನೋಡಿ. ಗ್ರೂವ್ ಕ್ಲೀನ್ ಮಾಡಿದ್ರಾ ಅಂತ ಕೇಳೋದು ನಿಮ್ಮ ಹಕ್ಕು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತೆ, ಚೆಲ್ಲಿದ ತಕ್ಷಣ ನೀರು ಹಾಕಿ ತೊಳೀರಿ. ಡಿಸ್ಕ್ ದಪ್ಪವನ್ನೂ ಅಳೆಸಿ, ಕನಿಷ್ಠ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡಿಸ್ಕ್ ಮೇಲೇ ಅಚ್ಚು ಹಾಕಿರ್ತಾರೆ. ಒಂದು ಕಡೆ ಪ್ಯಾಡ್ ತಗಡಿನವರೆಗೆ ಸವೆದಿತ್ತು ಅಂದ್ರೆ ಡಿಸ್ಕಿನ ಆ ಮುಖ ಗೀರಿರೋ ಸಾಧ್ಯತೆ ಜಾಸ್ತಿ.

ಎಲ್ಲಾ ಜೋಡಿಸಿ ಬೋಲ್ಟುಗಳನ್ನ ಮ್ಯಾನುಯಲ್ ಟಾರ್ಕಿಗೆ ಬಿಗಿ ಮಾಡಿದ ಮೇಲೆ ಸ್ಟಾರ್ಟ್ ಮಾಡೋ ಮುಂಚೆ ಲಿವರ್ ಗಟ್ಟಿ ಆಗೋವರೆಗೂ ಒತ್ತಿ ಒತ್ತಿ ಬಿಡಿ. ಒಳಗೆ ಹೋದ ಪಿಸ್ಟನ್ ಪ್ಯಾಡಿನವರೆಗೆ ಬರೋಕೆ ಕೆಲವು ಸಲ ಒತ್ತಬೇಕು, ಇದನ್ನ ಮರೆತು ಹೊರಟ್ರೆ ಮೊದಲ ತಿರುವಲ್ಲಿ ಬ್ರೇಕ್ ಇರಲ್ಲ. ಹೊಸ ಪ್ಯಾಡ್ ಇದ್ರೆ ಮೊದಮೊದಲು ಮಧ್ಯಮ ವೇಗದಿಂದ ಮೆಲ್ಲಗೆ ನಿಧಾನಿಸಿ, ನಡುವೆ ತಣ್ಣಗಾಗೋಕೆ ಬಿಡಿ. ವಾಪಸ್ ಬಂದು ಚಕ್ರ ಎತ್ತಿ ತಿರುಗಿಸಿ, ಮುಂದಿನ ಬ್ರೇಕ್ ಮುಟ್ಟದೆ ಓಡಿಸಿ ಎರಡು ಹನಿ ನೀರಿನ ಪರೀಕ್ಷೆ ಮಾಡಿ. ಪಿನ್, ಪಿಸ್ಟನ್, ಸೀಲ್ ಎಲ್ಲಾ ಸರಿ ಮಾಡಿದ ಮೇಲೂ ಬಿಸಿ ಬರ್ತಾ ಇದ್ರೆ ಡಿಸ್ಕ್ ಬೆಂಡ್ ಆಗಿದೆಯಾ ಅಂತ ಡಯಲ್ ಗೇಜ್ ಇಟ್ಟು ನೋಡಿಸಿ, ಅದೂ ಸರಿ ಇದ್ರೆ ಆಕ್ಸಲ್ ಬಿಗಿ ಮಾಡೋವಾಗ ಫೋರ್ಕ್ ಕಾಲುಗಳು ಓರೆಯಾಗಿ ಕೂತಿರಬಹುದು. ಆಕ್ಸಲ್ ಸಡಿಲ ಮಾಡಿ, ಫೋರ್ಕನ್ನ ಎರಡು ಮೂರು ಸಲ ಕೆಳಗೆ ಒತ್ತಿ ಬಿಟ್ಟು, ಮ್ಯಾನುಯಲ್‌ನಲ್ಲಿ ಹೇಳಿರೋ ಕ್ರಮದಲ್ಲಿ ಮತ್ತೆ ಟಾರ್ಕಿಗೆ ಬಿಗಿ ಮಾಡಿ ನೋಡಿ.